ಹೊಸ್ತಿಲು ದಾಟಿದ ಪಂಪು

ಕಲಬುರಗಿ ಸೀಮೆಯ ಚರಿತ್ರೆ ಅಂದ ಕೂಡಲೆ ನಮಗೆ ಶಾಲೆಯಲ್ಲಿ ಕಲಿಸಿದ್ದು ಬಹಮನಿ ಸುಲ್ತಾನರ ಕೋಟೆ, ಬಂದೇನವಾಜರ ದರ್ಗಾ, ಶರಣಬಸವೇಶ್ವರರ ಗುಡಿ, ನಿಜಾಮನ ಆಳ್ವಿಕೆ, 1948ರ ಸೆಪ್ಟೆಂಬರ್ 17. ಇರಲಿ, ಅವೆಲ್ಲ ಬೇಕಾದದ್ದೇ. ಆದರೆ ಈ ಅರಸರೆಲ್ಲರಿಗಿಂತ ಹೆಚ್ಚು ಕಾಲ ನಮ್ಮ ಹಳ್ಳಿಗಳನ್ನು ಆಳಿದ್ದು ಒಂದು ಜ್ವರ. ಥಂಡಿ ಉರಿ, ಚಳಿಜ್ವರ, ಮಲೇರಿಯಾ, ಹೆಸರು ಏನಾದರೂ ಅನ್ನಿ. ಮಳಿ ಮುಗಿದು ಜ್ವಾಳದ ಬಿತ್ತನೆ ಶುರುವಾಗುವ ಹೊತ್ತಿಗೆ, ಕೂಲಿಯವನಿಗೆ ಕೆಲಸ ಸಿಗುವ ಹೊತ್ತಿಗೇ ಅದು ಬರುತ್ತಿತ್ತು. ನಾಲ್ಕು ಕಂಬಳಿ ಹೊದ್ದರೂ ನಿಲ್ಲದ ನಡುಕ, ಆಮೇಲೆ ಸುಡುವ ಮೈ, ಆಮೇಲೆ ಬೆವರು. ದಿನಾ ದುಡಿದು ದಿನಾ ತಿನ್ನುವವನ ಮನೆಯಲ್ಲಿ ಹದಿನೈದು ದಿನ ಜ್ವರ ಅಂದರೆ ಒಲೆ ಉರಿಯುವುದಿಲ್ಲ, ಸಾಲ ಬೆಳೆಯುತ್ತದೆ, ಸಾಲ ಬೆಳೆದಲ್ಲಿ ಜೀತ ಹುಟ್ಟುತ್ತದೆ. ಈ ಅರಸನ ವಿರುದ್ಧ ಒಂದು ದೊಡ್ಡ ಯುದ್ಧವೂ ನಡೆಯಿತು. ನಡೆದ ಜಾಗ ನಮ್ಮ ನಿಮ್ಮ ಮನೆಯ ಒಳಗಿನ ಗೋಡೆ.

ಕಥೆ ನಮ್ಮ ಮಗ್ಗುಲಲ್ಲೇ ಶುರುವಾಗುತ್ತದೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಬ್ರಿಟಿಷ್ ದಂಡಿನ ಡಾಕ್ಟರ್ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಾಣುವನ್ನು ಕಂಡ. ಸಿಕಂದರಾಬಾದು ದಂಡಿನ ಊರಾದರೂ ನಿಂತ ನೆಲ ನಿಜಾಮನ ರಾಜ್ಯದ್ದು, ಕಲಬುರಗಿಯೂ ಆಗ ಅದೇ ರಾಜ್ಯದ ಊರು. ರಾಸ್‌ಗೆ 1902ರಲ್ಲಿ ನೊಬೆಲ್ ಬಹುಮಾನ ಬಂತು. ಆ ಸೊಳ್ಳೆಗಳಿಗೆ ತನ್ನ ಮೈ ಒಡ್ಡಿ ರಕ್ತ ಕುಡಿಸಿದವನು ಹುಸೇನ್ ಖಾನ್ ಎಂಬ ಜ್ವರದ ರೋಗಿ. ಕಚ್ಚಿದ ಸೊಳ್ಳೆಗೆ ಒಂದು ಆಣೆಯಂತೆ ಅವನ ಕೈಗೆ ಬಂದದ್ದು ಹತ್ತು ಆಣೆ. ಮೈ ಕೊಟ್ಟವನಿಗೆ ಕೂಲಿ, ಕಂಡು ಹಿಡಿದವನಿಗೆ ಕೀರ್ತಿ. ರಾಸ್‌ನ ಕಷ್ಟವನ್ನು ನಾನು ಹಳಿಯುತ್ತಿಲ್ಲ. ಮುಂದಿನ ಕಥೆಯಲ್ಲೂ ಇದೇ ಲೆಕ್ಕ ಮತ್ತೆ ಬರುತ್ತದೆ, ಅದಕ್ಕೇ ಹೇಳಿದೆ.

ಡಿಡಿಟಿ ಹುಳ ಕೊಲ್ಲುತ್ತದೆ ಎಂದು 1939ರಲ್ಲಿ ಕಂಡುಕೊಂಡವನು ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿಯ ಪೌಲ್ ಮ್ಯುಲರ್. ಎರಡನೆ ಮಹಾಯುದ್ಧದಲ್ಲಿ ಅದನ್ನು ಮೊದಲು ಬಳಸಿದ್ದು ಸಿಪಾಯಿಗಳನ್ನು ಹೇನಿನಿಂದ, ಸೊಳ್ಳೆಯಿಂದ ಉಳಿಸಲು. ಯುದ್ಧ ಮುಗಿದ ಕೂಡಲೆ ಅದು ಹಳ್ಳಿಗಳಿಗೆ ಬಂತು. ಕನ್ನಡ ನಾಡಿಗೆ ಇದರಲ್ಲಿ ಒಂದು ಮುಂಚೂಣಿ ಜಾಗ ಉಂಟು: 1946ರ ಹೊತ್ತಿಗೆ, ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಮನೆಮನೆಯ ಒಳಗೋಡೆಗೆ ಡಿಡಿಟಿ ಹೊಡೆಸಿದರು. ಹಳ್ಳಿಗಾಡಿನಲ್ಲೂ ಕಡಿಮೆ ಖರ್ಚಿನಲ್ಲಿ ಜ್ವರ ಇಳಿಸಬಹುದು ಎಂದು ದೇಶಕ್ಕೆ ಧೈರ್ಯ ಬಂದದ್ದು ಇಂಥ ಕೆಲಸಗಳಿಂದ. ಸ್ವಾತಂತ್ರ್ಯ ಬಂದಾಗ ಇಂಡಿಯಾದಲ್ಲಿ ವರ್ಷಕ್ಕೆ 7.5 ಕೋಟಿ ಮಂದಿಗೆ ಮಲೇರಿಯಾ, 8 ಲಕ್ಷ ಸಾವು ಎಂಬ ಅಂದಾಜಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಆಗ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿತ್ತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ಎರಡು ವರ್ಷ ಕಳೆದು, 1958ರಲ್ಲಿ, "ನಿಯಂತ್ರಣ" ಎಂಬ ಮಾತು ಹೋಗಿ "ನಿರ್ಮೂಲನ" ಬಂತು. ಮಾತು ದೊಡ್ಡದಾಯಿತು. ಕಚೇರಿ ಭಾಷೆಯಲ್ಲಿ ಮಾತು ದೊಡ್ಡದಾದಾಗ ನಾವು ಸ್ವಲ್ಪ ಎಚ್ಚರದಿಂದಿರಬೇಕು.

ಡಿಡಿಟಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿ ಸರಿಯಾಗಿ ತಿಳಿಯಬೇಕು. ಯಾಕಂದ್ರ ರಾಜಕೀಯ ಎಲ್ಲ ಇರೋದು ಅಲ್ಲೇ. ಪೌಡರ್ ಹೊಡೆದರೆ ಸೊಳ್ಳೆ ಕಚ್ಚುವುದಿಲ್ಲ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದರ ಮುಖ್ಯ ಕೆಲಸ ಅದಲ್ಲ. ರಾತ್ರಿ ರಕ್ತ ಕುಡಿದ ಹೆಣ್ಣು ಸೊಳ್ಳೆ ಹೊಟ್ಟೆ ಭಾರವಾಗಿ ದೂರ ಹಾರಲಾರದೆ ಹತ್ತಿರದ ಗೋಡೆಗೆ ಹೋಗಿ ಕೂಡುತ್ತದೆ. ಗೋಡೆಯ ಮೇಲೆ ಡಿಡಿಟಿ ಇದ್ದರೆ ಕಾಲಿಗೆ ಹತ್ತಿ ಸಾಯುತ್ತದೆ. ಜ್ವರದವನ ರಕ್ತದ ಜೊತೆ ಸೊಳ್ಳೆಯ ಹೊಟ್ಟೆ ಸೇರಿದ ಜೀವಾಣು ಬಲಿತು ಇನ್ನೊಬ್ಬರ ಮೈಗೆ ದಾಟಲು ಹೆಚ್ಚು ಕಡಿಮೆ ಹತ್ತು ಹನ್ನೆರಡು ದಿನ ಬೇಕು. ಅಷ್ಟರೊಳಗೆ ಸೊಳ್ಳೆ ಸತ್ತರೆ ಸರಪಳಿ ಕಡಿಯಿತು. ಅಂದರೆ ನಿಮ್ಮ ಗೋಡೆಗೆ ಹೊಡೆದ ಔಷಧ ಕಾಯುವುದು ನಿಮ್ಮನ್ನಷ್ಟೇ ಅಲ್ಲ, ಪಕ್ಕದ ಓಣಿಯ ಕೂಸನ್ನೂ. ಹಾಗೆಯೇ ನೀವು ಬಾಗಿಲು ಹಾಕಿಕೊಂಡರೆ, ನಿಮ್ಮ ಮನೆಯಲ್ಲಿ ಬದುಕಿ ಉಳಿದ ಸೊಳ್ಳೆ ಪಕ್ಕದ ಓಣಿಗೂ ಹೋಗುತ್ತದೆ. ಊರಿಗೆ ಊರೇ ಒಂದು ಮನೆ ಎಂದು ಎಣಿಸಿದರೆ ಮಾತ್ರ ನಡೆಯುವ ಔಷಧ ಇದು. ಅದನ್ನು ತಂದು ಇಳಿಸಿದ್ದು ಊರು ಬೇರೆ, ಕೇರಿ ಬೇರೆ ಎನ್ನುವ ಸಮಾಜಕ್ಕೆ.

ಹೊಡೆಯುವವರ ದಂಡು ಹೀಗಿತ್ತು. ಐದು ಜನ ಫೀಲ್ಡ್ ವರ್ಕರ್, ಅವರ ಮೇಲೊಬ್ಬ ಹಿರಿಯ. ಎರಡು ಸ್ಟಿರಪ್ ಪಂಪು. ನೂರಕ್ಕೆ ಐವತ್ತರ ಪುಡಿಯಾದರೆ ಹತ್ತು ಲೀಟರ್ ನೀರಿಗೆ ಒಂದು ಕಿಲೋ ಕಲಸಬೇಕು. ಒಬ್ಬ ಬಕೀಟಿನಲ್ಲಿ ಕಾಲಿಟ್ಟ ಪಂಪನ್ನು ಒತ್ತುತ್ತ ನಿಲ್ಲಬೇಕು, ಇನ್ನೊಬ್ಬ ನಳಿಗೆ ಹಿಡಿದು ಗೋಡೆಯಿಂದ 45 ಸೆಂಟಿಮೀಟರ್ ದೂರದಲ್ಲಿ, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಪಟ್ಟಿ ಪಟ್ಟಿಯಾಗಿ ಹೊಡೆಯುತ್ತ ಹೋಗಬೇಕು. ಪ್ರತಿ ಚದರ ಮೀಟರಿಗೆ ಒಂದು ಗ್ರಾಂ ಡಿಡಿಟಿ ಕೂಡಬೇಕು. ಒಂದು ದಂಡು ದಿನಕ್ಕೆ 60ರಿಂದ 80 ಮನೆ ಮುಗಿಸಬೇಕು. ಒಮ್ಮೆ ಹೊಡೆದದ್ದು ಹತ್ತು ಹನ್ನೆರಡು ವಾರ ಕೆಲಸ ಮಾಡುತ್ತದೆ, ಆದ್ದರಿಂದ ವರ್ಷಕ್ಕೆ ಎರಡು ಸುತ್ತು. ಇವರು ಕಾಯಂ ನೌಕರರಲ್ಲ. ಸುತ್ತು ಬಂದಾಗ ಕರೆಯುವುದು, ಮುಗಿದಾಗ ಕಳಿಸುವುದು. ವರದಿಗಳಲ್ಲಿ ಇವರು ಬರೀ ಅಂಕಿ. ಮೇ ತಿಂಗಳ ಬಿಸಿಲಿನಲ್ಲಿ ವಿಷದ ಬಕೀಟು ಹೊತ್ತು ಮನೆಮನೆ ತಿರುಗುವ ದಿನಗೂಲಿಗೆ ಬರುವವರು ಯಾರು ಎಂದು ಕಲಬುರಗಿ ಸೀಮೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೈಗವಸು, ಮುಖಕ್ಕೆ ಕವಚ ಕೊಡಬೇಕೆಂದು ನಿಯಮ ಇದೆ. ಹೆಗಲ ಮೇಲಿನ ವಲ್ಲಿಯನ್ನೇ ಮೂಗಿಗೆ ಕಟ್ಟಿಕೊಂಡು ಹೊಡೆದವರನ್ನು ನೋಡಿದವರು ಊರೂರಲ್ಲಿ ಇದ್ದಾರೆ. ಡಿಡಿಟಿ ಕ್ಯಾನ್ಸರ್ ತರುವ ಸಂಭವ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದ್ದು 2015ರಲ್ಲಿ. ಅಷ್ಟರಲ್ಲಿ ಮೊದಲ ತಲೆಮಾರಿನ ಪಂಪಿನವರು ಮುದುಕರಾಗಿದ್ದರು, ಇಲ್ಲವೇ ಮಣ್ಣಾಗಿದ್ದರು.

ಇನ್ನು ಹೊಸ್ತಿಲಿನ ಮಾತು. ಅಡುಗೆ ಮನೆಗೆ, ದೇವರ ಕೋಣೆಗೆ, ಕಾಳಿನ ಕೋಣೆಗೆ ಪಂಪು ಬಿಡುವುದಿಲ್ಲ ಎಂಬುದು ದೇಶದ ಉದ್ದಗಲಕ್ಕೂ ಮಲೇರಿಯಾ ಸಿಬ್ಬಂದಿ ಮತ್ತೆ ಮತ್ತೆ ಬರೆದುಕೊಂಡ ದೂರು. ಕಾರಣ ಕೇಳಿದರೆ ವಾಸನೆ, ಗೋಡೆ ಬೆಳ್ಳಗೆ ಕಲೆಯಾಗುತ್ತದೆ, ಅನ್ನಕ್ಕೆ ವಿಷ ಬೀಳುತ್ತದೆ ಎಂಬ ಉತ್ತರ. ಇವು ಸುಳ್ಳು ಕಾರಣಗಳಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಇದರ ಅಡಿಗೆ ಇನ್ನೊಂದು ಕಾರಣ ಇತ್ತು, ಅದನ್ನು ಫಾರ್ಮಿನಲ್ಲಿ ಬರೆಯಲು ಕಾಲಮ್ಮು ಇರಲಿಲ್ಲ.

"ಅಲ್ಲೇ ನಿಂದ್ರು. ಹೊರಗಿನ ಗ್ವಾಡಿಗಿ ಹೊಡದು ಹೋಗು."

"ಒಳಗಿನ ಗ್ವಾಡಿಗೇ ಹೊಡಿಬೇಕ್ರೀ ಧಣಿ, ಸೊಳ್ಳಿ ಕೂಡೋದು ಅಲ್ಲೇ ಅದ."

"ನನಗೇ ಹೇಳಾಕ ಬರ್ತಿಯೇನು? ಪಡಸಾಲಿ ತನಕ ಬಾ, ಸಾಕು."

ಈ ಮಾತಿಗೆ ಊರಿನ ಹೆಸರು ಬೇಡ, ಯಾವ ಊರಿಗಾದರೂ ಹೊಂದುತ್ತದೆ. ಗಮನಿಸಿ, ಇದೊಂದು ವಿಚಿತ್ರ ಕ್ಷಣ. ಸರಕಾರ ಒಬ್ಬ ಕೂಲಿಯವನ ಕೈಗೆ ಪಂಪು ಕೊಟ್ಟು, ಊರಿನ ಪ್ರತಿಯೊಂದು ಮನೆಯ ಪ್ರತಿಯೊಂದು ಕೋಣೆಗೆ ಹೋಗುವ ಅಧಿಕಾರ ಕೊಟ್ಟಿತು. ಶತಮಾನಗಳಿಂದ ಅಂಗಳದಲ್ಲೇ ನಿಂತು ಬೊಗಸೆಯೊಡ್ಡಿದವರ ಮಗ ಕಾಯಿದೆ ಪ್ರಕಾರ ಹೊಸ್ತಿಲು ದಾಟಬಹುದಿತ್ತು. ಅಸ್ಪೃಶ್ಯತೆಯನ್ನು ಅಪರಾಧ ಎಂದ ಕಾನೂನು 1955ರದು, ಅದೇ ದಶಕದಲ್ಲೇ ಪಂಪು ಬಂತು. ಕಾನೂನು ಕಾಗದದಲ್ಲಿತ್ತು, ಪಂಪು ಬಾಗಿಲ ಮುಂದೆ ನಿಂತಿತ್ತು. ಎಷ್ಟೋ ಬಾಗಿಲು ತೆರೆದವು ಎಂಬುದನ್ನೂ ಹೇಳಬೇಕು. ಸಾವಿನ ಹೆದರಿಕೆ ಜಾತಿಯ ಹೆದರಿಕೆಗಿಂತ ದೊಡ್ಡದಾದ ಮನೆಗಳಿದ್ದವು. ತೆರೆಯದ ಕಡೆ ಏನಾಯಿತು? ಪಡಸಾಲೆಗೆ ಹೊಡೆದರೂ ಮನೆ ಲೆಕ್ಕಕ್ಕೆ ಸಿಕ್ಕಿತು. ಎಷ್ಟು ಮನೆ ಎಂಬ ಅಂಕಿ ಬೇರೆ, ಎಷ್ಟು ಕೋಣೆ ಎಂಬ ಅಂಕಿ ಬೇರೆ. ಮೇಲಕ್ಕೆ ಹೋಗುವಾಗ ಮೊದಲನೆಯದೇ ಹೊಳೆಯುತ್ತದೆ. ಕತ್ತಲಾದ, ತಂಪಾದ ಒಳಕೋಣೆಗಳಲ್ಲಿ ಸೊಳ್ಳೆ ಸುಖವಾಗಿ ಉಳಿಯಿತು. ದೊಡ್ಡ ಮನೆಯ ಮಡಿ ಉಳಿಯಿತು, ಜ್ವರ ಕೇರಿಗೆ ಹೋಯಿತು.

ಹೆಂಗಸರ ಪಾಲಿನ ದುಡಿಮೆಯನ್ನು ಯಾರೂ ಲೆಕ್ಕ ಹಾಕಿದ್ದಿಲ್ಲ. ಪೌಡರಿನವರು ಬರುತ್ತಾರೆಂದರೆ ಪಾತ್ರೆ ಪಡಗ, ಕಾಳಿನ ಚೀಲ, ಹಾಸಿಗೆ ಕೌದಿ, ನೀರಿನ ಕೊಡ ಎಲ್ಲ ಹೊರಗೆ ಹೊರಬೇಕು, ಸಂಜೆಗೆ ಮತ್ತೆ ಒಳಗೆ ಹೊರಬೇಕು. ಆ ದಿನದ ಕೂಲಿ ಹೋಯಿತು. ಮೊದಲ ವರ್ಷಗಳಲ್ಲಿ ಸೊಳ್ಳೆಯ ಜೊತೆ ತಗಣಿಯೂ ಸತ್ತಾಗ ಜನರಿಗೆ ಖುಷಿಯಾಗಿತ್ತು. ಆಮೇಲೆ ತಗಣಿ ಔಷಧಕ್ಕೆ ಒಗ್ಗಿಕೊಂಡಿತು. "ಇದನ್ನ ಹೊಡದ ಮ್ಯಾಲ ತಗಣಿ ಹೆಚ್ಚಾಗ್ಯಾವ್ರೀ" ಎಂದು ಬಡವರೂ ಬೇಸತ್ತರು. ಇದನ್ನು ಅಧಿಕಾರಿಗಳು ಅಜ್ಞಾನ ಎಂದು ಕರೆದರು. ತಗಣಿಗೆ ಡಿಡಿಟಿ ತಾಗುವುದಿಲ್ಲ ಎಂಬುದು ವಿಜ್ಞಾನಿಗಳೂ ಒಪ್ಪಿದ ಸತ್ಯ. ರಾತ್ರಿ ಮೈ ತುರಿಸಿಕೊಂಡವರಿಗೆ ಅದು ಮೊದಲು ಗೊತ್ತಾಯಿತು, ಅಷ್ಟೇ.

ಗೋಡೆಗೂ ವರ್ಗ ಉಂಟು. ಸುಣ್ಣ ಬಳಿದ ಕಲ್ಲು ಗೋಡೆಯ ಮೇಲೆ ಕೂತ ಡಿಡಿಟಿ ತಿಂಗಳುಗಟ್ಟಲೆ ಮೇಲೇ ಉಳಿಯುತ್ತದೆ. ಹಸಿ ಮಣ್ಣಿನ ಗೋಡೆ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಕಬ್ಬಿಣದ ಅಂಶ ಹೆಚ್ಚಿರುವ ಕೆಂಪು ಮಣ್ಣಾದರೆ ಇನ್ನೂ ಬೇಗ. ಪುಡಿ ಅಲ್ಲೇ ಇದ್ದರೂ ಸೊಳ್ಳೆಯ ಕಾಲಿಗೆ ಹತ್ತುವುದಿಲ್ಲ. ಮತ್ತೆ ಹಬ್ಬದ ಲೆಕ್ಕ ನೋಡಿ. ಎರಡನೆ ಸುತ್ತು ಬರುವುದು ಮಳೆಗಾಲದ ನಡುವೆ ಅಥವಾ ಕೊನೆಗೆ. ಅದಾದ ಕೆಲವೇ ವಾರಕ್ಕೆ ಮಾನವಮಿ, ದೀವಳಿಗೆ. ಹಬ್ಬಕ್ಕೆ ಮನೆ ಸಾರಿಸದೆ, ಗೋಡೆಗೆ ಮಣ್ಣು ಸೆಗಣಿ ಬಳಿಯದೆ ಇರುವ ಹೆಣ್ಣುಮಗಳು ನಮ್ಮ ಕಡೆ ಯಾರಿದ್ದಾಳೆ? ಅವಳು ಒಂದು ದಿನದಲ್ಲಿ ಬಳಿದ ಮಣ್ಣಿನ ಅಡಿಯಲ್ಲಿ ಇಡೀ ಸುತ್ತಿನ ಡಿಡಿಟಿ ಮುಚ್ಚಿಹೋಗುತ್ತದೆ. ಜ್ವರ ಏರುವ ಕಾಲವೂ ಅದೇ. ದೆಹಲಿಯಲ್ಲಿ ಕೂತು ಸುತ್ತಿನ ತಾರೀಖು ಹಾಕಿದವರು ಪಂಚಾಂಗ ನೋಡಿದ್ದರೆ ಇದು ತಿಳಿಯುತ್ತಿತ್ತು. ಮದುವೆಗೆ ನೋಡುತ್ತಾರೆ, ಇದಕ್ಕೆ ನೋಡಲಿಲ್ಲ.

ಗೋಡೆಯೇ ಇಲ್ಲದವರ ಗತಿ ಏನು? ಶಹಾಬಾದ ಕಲ್ಲಿನ ಗಣಿಗಳಲ್ಲಿ ತಟ್ಟು ಕಟ್ಟಿಕೊಂಡು ಮಲಗಿದವರು, ಕಾಲುವೆ ಕೆಲಸಕ್ಕೆ ಬಂದ ಒಡ್ಡರು, ಸೊಪ್ಪೆ ಹೊದಿಸಿದ ಗುಡಿಸಲಿನ ತಾಂಡಾದ ಲಂಬಾಣಿಗರು, ಬೇಸಿಗೆಯಲ್ಲಿ ಬಯಲಲ್ಲೇ ಹಾಸಿಕೊಳ್ಳುವ ಕೇರಿಯವರು. ಮನೆಯೊಳಗೆ ಔಷಧ ಹೊಡೆಯುವ ಯೋಜನೆ ಪ್ರತಿಯೊಬ್ಬನಿಗೂ ಒಂದು ಮನೆ ಇದೆ ಎಂದು ಮೊದಲೇ ಒಪ್ಪಿಕೊಂಡು ಹೊರಡುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ಅದು ಬಹಳ ದೊಡ್ಡ ಊಹೆ.

ಇಲ್ಲಿ ಹಳ್ಳಿಯ ಮಾಸ್ತರರಿಗೆ ಒಂದು ಮಾತು. "ನಿಮ್ಮ ಕೇರಿ ಕೊಳಕು, ಅದಕ್ಕೇ ನಿಮಗೆ ಮಲೇರಿಯಾ" ಎಂದು ಮಕ್ಕಳಿಗೆ ಇನ್ನೂ ಹೇಳುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಅದು ವಿಜ್ಞಾನ ಅಲ್ಲ, ಜಾತಿ. ಗಟಾರದ ಕೊಳೆ ನೀರಿನಲ್ಲಿ ಹುಟ್ಟುವುದು ಕ್ಯೂಲೆಕ್ಸ್. ಅದು ಆನೆಕಾಲು ರೋಗ ತರುತ್ತದೆ, ಮಲೇರಿಯಾ ತರುವುದಿಲ್ಲ. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಕ್ಯುಲಿಸಿಫೇಸಿಸ್. ಅದಕ್ಕೆ ತಿಳಿನೀರು ಬೇಕು: ಹಳ್ಳದ ಮರಳಿನಲ್ಲಿ ನಿಂತ ಗುಂಡಿ, ಮಳೆ ನೀರಿನ ಹೊಂಡ, ಕಾಲುವೆಯ ಸೋರಿಕೆ, ತೋಟದ ಬಾವಿ. ಕಲಬುರಗಿಯಿಂದ ಹುಮನಾಬಾದ ರಸ್ತೆ ಹಿಡಿದು ಮಹಾಗಾಂವ ಕ್ರಾಸ್ ದಾಟಿದರೆ ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, ಈಗ ತಾಲೂಕು ಕೇಂದ್ರ. ಬಾಳೆಗೆ ನೀರು ಬೇಕು, ನೀರಿಗೆ ಬಾವಿ ಬೇಕು. ಬೆಣ್ಣೆತೊರೆ, ಗಂಡೋರಿ ನಾಲಾ ಯೋಜನೆಗಳು ಇದೇ ಸೀಮೆಯವು. ನೀರಾವರಿ ಬೇಡ ಎಂದು ನಾನು ಹೇಳುವುದಿಲ್ಲ, ಬರಗಾಲದ ಜಿಲ್ಲೆಯಲ್ಲಿ ಹುಟ್ಟಿದವರು ಹಾಗೆ ಹೇಳಲಾರರು. ಆದರೆ ನೀರು ಯಾರ ಹೊಲಕ್ಕೆ ಹೋಯಿತು, ನೀರಿನ ಸೊಳ್ಳೆ ಯಾರ ಮೈಗೆ ಬಂತು ಎಂದು ಕೇಳಬೇಕು. ಹೊಲ ಇಲ್ಲದ ಕೂಲಿಯವನಿಗೆ ಕಾಲುವೆಯಿಂದ ಸಿಕ್ಕ ನೇರ ಪಾಲು ಬಹಳ ಸಲ ಇದೊಂದೇ.

ಪಟ್ಟಣದ ಕಥೆ ಬೇರೆ. ಅಲ್ಲಿ ಮಲೇರಿಯಾ ಹರಡುವುದು ಸ್ಟೀಫೆನ್ಸಿ ಎಂಬ ಸೊಳ್ಳೆ. ಮಾಳಿಗೆಯ ಮೇಲಿನ ಟ್ಯಾಂಕು, ಮುಚ್ಚದ ಹೌದು, ಬಾವಿ, ನೀರು ತುಂಬಿಟ್ಟ ಡ್ರಮ್ಮು ಅದರ ತೊಟ್ಟಿಲು. 1971ರಲ್ಲಿ ದೇಶದ ಪಟ್ಟಣಗಳಿಗಾಗಿ ಬೇರೆ ಯೋಜನೆ ಬಂದಾಗ ಗೋಡೆ ಬಿಟ್ಟು ನೀರಿಗೆ ಔಷಧ ಹಾಕುವ ದಾರಿ ಹಿಡಿದರು. ಕಲಬುರಗಿಯಂಥ ಊರಿನಲ್ಲಿ ನಳ ಬರದ ದಿನಗಳಿಗೆಂದು ಬಡ ಓಣಿಯ ಹೆಂಗಸರು ಡ್ರಮ್ಮು ತುಂಬಿಡುತ್ತಾರೆ. ತಪಾಸಣೆಯವರು ಡ್ರಮ್ಮಿನ ಮುಚ್ಚಳ ಎತ್ತಿ ಬೈಯುತ್ತಾರೆ. ಬಂಗಲೆಯ ಮೇಲಿನ ಟ್ಯಾಂಕಿಗೆ ಏಣಿ ಹಚ್ಚುವುದು ಕಷ್ಟ.

ಇಷ್ಟೆಲ್ಲ ಹೇಳಿದ ಮೇಲೆ ನ್ಯಾಯವಾದ ಮಾತೂ ಆಡಬೇಕು. ಡಿಡಿಟಿ ಗೆದ್ದಿತು. 1961ರಲ್ಲಿ ದೇಶದಲ್ಲಿ ದಾಖಲಾದ ಮಲೇರಿಯಾ ಕೇಸು ಐವತ್ತು ಸಾವಿರದ ಆಸುಪಾಸು, 1965ರಲ್ಲಿ ಸುಮಾರು ಒಂದು ಲಕ್ಷ, ಸಾವು ಇಲ್ಲವೆಂದೇ ವರದಿ. ಏಳೂವರೆ ಕೋಟಿಯಿಂದ ಇಲ್ಲಿಗೆ! ಲಕ್ಷಾಂತರ ಬಡಮಕ್ಕಳು ಬದುಕಿ ಉಳಿದರು; ಇವತ್ತು ಈ ಪತ್ರಿಕೆ ಓದುವ ಎಷ್ಟೋ ಮಂದಿಯ ಅಜ್ಜ ಅಜ್ಜಿ ಅವರಲ್ಲಿದ್ದಾರೆ. 1962ರಲ್ಲಿ ಅಮೆರಿಕದ ರೇಚಲ್ ಕಾರ್ಸನ್ ಬರೆದ ಪುಸ್ತಕ ಓದಿ ಡಿಡಿಟಿ ಅಂದರೆ ಬರೀ ಪಾಪ ಎನ್ನುವ ಪಟ್ಟಣದ ಗೆಳೆಯರು ಇದನ್ನು ಮರೆಯಬಾರದು. ಕಾರ್ಸನ್ ಬೈದದ್ದು ಹೊಲಕ್ಕೆ, ಕಾಡಿಗೆ ಲಂಗುಲಗಾಮಿಲ್ಲದೆ ಸುರಿಯುವುದನ್ನು.

ಗೆದ್ದ ಮೇಲೆ ಸೋತದ್ದು ಹೇಗೆ? ಹೊಡೆಯುವ ಘಟ್ಟ ಮುಗಿದ ಜಿಲ್ಲೆಗಳಲ್ಲಿ ಸ್ಪ್ರೇ ನಿಲ್ಲಿಸಿ, ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಿ ಜ್ವರ ಕೇಳಿ ರಕ್ತ ತೆಗೆಯುವ ಕೆಲಸವೇ ಮುಂದೆ ಕಾಯಬೇಕಿತ್ತು. ಅದಕ್ಕೆ ಗಟ್ಟಿಯಾದ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು, ಡಾಕ್ಟರ್ ಬೇಕು, ಗಾಜಿನ ಪಟ್ಟಿಯನ್ನು ಆ ವಾರವೇ ನೋಡುವ ಸೂಕ್ಷ್ಮದರ್ಶಕ ಬೇಕು. ಹಳೆ ನಿಜಾಮ ಪ್ರದೇಶದ ಹಳ್ಳಿಗಳಲ್ಲಿ ಇದೆಲ್ಲ ಎಷ್ಟು ಇತ್ತು ಎಂದು 371(ಜೆ)ಗಾಗಿ 2012ರ ತನಕ ಬಡಿದಾಡಿದವರಿಗೆ ಗೊತ್ತು. ಹೊರದೇಶದ ನೆರವು ತಗ್ಗಿತು, 1973ರ ಎಣ್ಣೆ ಬಿಕ್ಕಟ್ಟಿನಿಂದ ಔಷಧದ ಬೆಲೆ ಏರಿತು. ಅದೇ ವರ್ಷ ಕರ್ತಾರ್ ಸಿಂಗ್ ಸಮಿತಿ ಮಲೇರಿಯಾ ಕೆಲಸದವರನ್ನು ಬಹುಉದ್ದೇಶ ಕಾರ್ಯಕರ್ತರನ್ನಾಗಿ ಮಾಡಲು ಹೇಳಿತು. ಆಗ ಕುಟುಂಬ ಯೋಜನೆಯ ಗುರಿಯ ಕಾಲ. ಮಲೇರಿಯಾ ಹಿಂದಕ್ಕೆ ಸರಿಯಿತು. ಈ ನಡುವೆ ಸೊಳ್ಳೆಯೂ ಸುಮ್ಮನಿರಲಿಲ್ಲ. ಗುಜರಾತಿನಲ್ಲಿ 1950ರ ದಶಕದ ಕೊನೆಗೇ ಕ್ಯುಲಿಸಿಫೇಸಿಸ್ ಡಿಡಿಟಿಗೆ ಬಗ್ಗದಾಗಿತ್ತು. ಹತ್ತಿ, ಭತ್ತದ ಹೊಲಗಳಿಗೆ ದೊಡ್ಡ ರೈತರು ಸುರಿದ ಅದೇ ಜಾತಿಯ ವಿಷಗಳೇ ಸೊಳ್ಳೆಗೆ ಪಾಠ ಕಲಿಸಿದವು ಎಂದು ವಿದ್ವಾಂಸರು ವಾದಿಸಿದ್ದಾರೆ. ನನಗೆ ಆ ವಾದ ಸರಿ ಕಾಣುತ್ತದೆ. ಹೊಲದಲ್ಲಿ ಡಿಡಿಟಿ ನಿಷೇಧವಾದದ್ದು 1989ರಲ್ಲಿ, ಬಹಳ ತಡವಾಗಿ. 1976ರಲ್ಲಿ ದೇಶದ ಕೇಸು 64 ಲಕ್ಷ ದಾಟಿತು. 1977ರಲ್ಲಿ ಯೋಜನೆ ತಿದ್ದಿದರು. ಬಿಎಚ್‌ಸಿ ಬಂತು, 1997ರಲ್ಲಿ ನಿಷೇಧವಾಯಿತು. ಮೆಲಥಿಯಾನ್ ಬಂತು, ಅದರ ವಾಸನೆಗೆ ಬಾಗಿಲು ಇನ್ನಷ್ಟು ಮುಚ್ಚಿದವು. ಆಮೇಲೆ ಪೈರೆಥ್ರಾಯ್ಡ್, ಔಷಧ ಹಚ್ಚಿದ ಸೊಳ್ಳೆಪರದೆ, ಬೆರಳ ಹನಿಯಿಂದ ಕಾಲು ಗಂಟೆಯಲ್ಲಿ ಉತ್ತರ ಹೇಳುವ ಕಿಟ್ಟು. ಕರ್ನಾಟಕದ ಕೆಲವು ಹಳ್ಳಿಗಳ ಬಾವಿಗಳಿಗೆ ಗಪ್ಪಿ, ಗ್ಯಾಂಬೂಸಿಯ ಮೀನು ಬಿಟ್ಟು ಕೂಡ ಜ್ವರ ಇಳಿಸಿದ್ದಾರೆ. ಅದಕ್ಕೆ ಯಾರ ಹೊಸ್ತಿಲನ್ನೂ ದಾಟಬೇಕಾಗಲಿಲ್ಲ. 2030ಕ್ಕೆ ದೇಶದಲ್ಲಿ ಮಲೇರಿಯಾ ಇರಬಾರದು ಎಂದು 2016ರಲ್ಲಿ ಗುರಿ ಹಾಕಿದ್ದಾರೆ.

ಇವತ್ತು ನಮ್ಮ ಹಳ್ಳಿಗಳಲ್ಲಿ ಮೊದಲಿನ ಜ್ವರ ಇಲ್ಲ ಎಂಬುದು ಸಂತೋಷದ ಮಾತು. ಜ್ವರ ಹೋಗಿದೆ, ಹಳ್ಳಿಯವರೂ ಹೋಗಿದ್ದಾರೆ. ತಾಂಡಾ, ಕೇರಿಗಳಿಂದ ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ. ಉತ್ತರ ಕರ್ನಾಟಕದ ಬೇರೆ ಜಿಲ್ಲೆಗಳವರು ಮಂಗಳೂರಿಗೂ ಹೋಗಿದ್ದಾರೆ. ಆ ಮಂಗಳೂರಿನಲ್ಲಿ 1990ರ ದಶಕದಿಂದ, ಕಟ್ಟಡಗಳು ಎದ್ದಂತೆಲ್ಲ ಮಲೇರಿಯಾವೂ ಎದ್ದಿತು, ವಲಸೆ ಕೂಲಿಗಳು ರೋಗ ತಂದರು ಎಂಬ ಮಾತೂ ಎದ್ದಿತು. ಕಾಂಕ್ರೀಟ್ ಗಟ್ಟಿಯಾಗಲಿ ಎಂದು ಸ್ಲ್ಯಾಬಿನ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದವನು ಗುತ್ತಿಗೆದಾರ. ಸ್ಟೀಫೆನ್ಸಿ ಮೊಟ್ಟೆ ಇಡುವುದು ಆ ತಿಳಿನೀರಿನಲ್ಲಿ. ಅದರ ಕೆಳಗೆ, ಇನ್ನೂ ಗೋಡೆ ಏಳದ ಅಂತಸ್ತಿನಲ್ಲಿ, ಗೋಡೆ ಕಟ್ಟುವವರು ಹೆಂಡತಿ ಮಕ್ಕಳೊಂದಿಗೆ ಮಲಗುತ್ತಾರೆ. ಯುಗಾದಿಗೋ ಜಾತ್ರೆಗೋ ಊರಿಗೆ ಬಂದಾಗ ನಡುಕ ಹತ್ತಿದರೆ ಆಶಾ ಕಾರ್ಯಕರ್ತೆ ಬರುತ್ತಾಳೆ, ಬೆರಳು ಚುಚ್ಚುತ್ತಾಳೆ, "ಯಾವ ಊರಾಗ ಇದ್ದಿ ತಮ್ಮಾ, ಎಷ್ಟು ದಿನ ಇದ್ದಿ?" ಎಂದು ಕೇಳಿ ಬರೆದುಕೊಳ್ಳುತ್ತಾಳೆ. ಕೇಸು ಹೊರಗಿನಿಂದ ಬಂದದ್ದು ಎಂದು ದಾಖಲಾಗುತ್ತದೆ.